ಸೊಪ್ಪು ಹತ್ತಿದೆ ಎಂದವಳು ನಾನೇ

ಮಕ್ಕಳೇ, ಸೈಕಲ್ಲಿನವರು ನಮ್ಮ ಮನೆಗೆ ಬಂದ ದಿನದ ಕತೆಯನ್ನು ನೀವು ಬೇರೆಯವರಿಗೆ ಹೇಳುವುದನ್ನು ಎರಡು ಮೂರು ಸಲ ಕೇಳಿಸಿಕೊಂಡಿದ್ದೇನೆ. ಹೊರದೇಶದವರೊಬ್ಬರು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಕಾಯಿಲೆ ಬಿದ್ದರು, ನಮ್ಮಜ್ಜಿ ಒಡಹುಟ್ಟಿದವರ ಹಾಗೆ ನೋಡಿಕೊಂಡರು, ಕೈಯಾರೆ ಮಜ್ಜಿಗೆ ಕುಡಿಸಿದರು, ಆದರೂ ಅವರಿಗೆ ಆಯಸ್ಸು ಇರಲಿಲ್ಲ ಎನ್ನುತ್ತೀರಿ. ಆ ದಿನ ನೀವಿಬ್ಬರೂ ಸ್ಕೂಲಿನಲ್ಲಿದ್ದಿರಿ. ನಿಮಗೆ ಗೊತ್ತಿರುವುದು ನಿಮ್ಮಪ್ಪ ಹೇಳಿದ್ದು. ಅವನೂ ಆ ಹೊತ್ತು ಮನೆಯಲ್ಲಿರಲಿಲ್ಲ, ಪಂಪಿನ ಮೋಟಾರು ಸುಟ್ಟುಹೋಗಿತ್ತು ಎಂದು ಕೆ.ಆರ್. ನಗರಕ್ಕೆ ಹೋಗಿದ್ದ. ಮನೆಯಲ್ಲಿದ್ದವರು ನಾನು ಮತ್ತು ನಿಮ್ಮಮ್ಮ. ನಿಮ್ಮಮ್ಮ ನನ್ನ ಮರ್ಯಾದೆ ಕಾಯಲು ಇಲ್ಲಿಯವರೆಗೆ ಒಂದು ಮಾತೂ ಆಡಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ನಾನು ಮಾತಿನವಳಲ್ಲ ಎಂಬುದು ನಿಮಗೂ ಗೊತ್ತು. ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟರು ಎಬ್ಬಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನಿಂತೇ ಇರುತ್ತಿದ್ದೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮಾತಾಡುವುದೆಲ್ಲ ನಿಮ್ಮ ತಾತನದೇ ಆಯಿತು. ಅವರು ಹೋದ ಮೇಲೆ ನಿಮ್ಮಪ್ಪ, ನಿಮ್ಮಮ್ಮ. ಯಾರಾದರೂ ಹೊಸಬರು ಬಂದರೆ ನಾನು ಒಲೆಯ ಮುಂದೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಸೈಕಲ್ಲಿನವರು ಬರಲು ಶುರುವಾದದ್ದು ಆ ಸಾವಿಗೆ ಎರಡು ವರ್ಷ ಮೊದಲು. ಮೈಸೂರಿನಿಂದ ಹೊರದೇಶದವರನ್ನು ಸೈಕಲ್ಲಿನ ಮೇಲೆ ಊರೂರು ತೋರಿಸುತ್ತ ಕರೆದುಕೊಂಡು ಹೋಗುವ ಗೈಡ್ ಒಬ್ಬ ಇದ್ದ. ಪಿರಿಯಾಪಟ್ಟಣದ ಕಡೆಯ ಹಳ್ಳಿಯವನು, ಮೂವತ್ತರ ಆಸುಪಾಸು. ಮೊದಲ ದಿನ ಕೆ.ಆರ್. ನಗರದಲ್ಲಿ ಉಳಿದು, ಮಾರನೇ ದಿನ ಗಾವಡಗೆರೆ ಮೇಲೆ ನಮ್ಮೂರಿಗೆ ಬಂದು, ಇಲ್ಲಿ ಹೊಗೆಸೊಪ್ಪಿನ ಹೊಲ, ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆ ನೋಡಿ, ನಮ್ಮ ಮನೆಯಲ್ಲಿ ಮುದ್ದೆ ಊಟ ಮಾಡಿ, ಸಂಜೆಗೆ ಎಚ್.ಡಿ. ಕೋಟೆ ಸೇರುವುದು ಅವರ ದಾರಿ. ಅವರ ಗಂಟುಮೂಟೆ ಹೊತ್ತ ವ್ಯಾನು ಬೆಳಿಗ್ಗೆಯೇ ಕೋಟೆಗೆ ಹೋಗಿ ಎಲ್ಲವನ್ನೂ ಇಳಿಸಿ, ಸಂಜೆ ನಾಲ್ಕಕ್ಕೆ ತಿರುಗಿ ಬರುತ್ತಿತ್ತು, ತುಳಿಯಲಾರದವರನ್ನು ಹತ್ತಿಸಿಕೊಳ್ಳಲು. ನಿಮ್ಮಪ್ಪ ಗೈಡಿಗೆ ಒಪ್ಪಿಕೊಂಡ. ನಾನು ಅಡಿಗೆ ಮಾಡುತ್ತಿದ್ದೆ, ನಿಮ್ಮಮ್ಮ ಬಡಿಸುತ್ತಿದ್ದಳು. ಬಂದವರ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಕಡಿಮೆ.

ಆ ದಿನ ಬಂದವರು ಆರು ಜನ. ನಾಲ್ವರು ಬಿಳಿಯರು. ಇನ್ನಿಬ್ಬರು ಗಂಡ ಹೆಂಡತಿ, ಅರವತ್ತರ ಹತ್ತಿರದವರು, ನೋಡಲು ಥೇಟ್ ನಮ್ಮವರು. ಆಕೆಯ ಕೈಯಲ್ಲಿ ಎರಡೆರಡು ಚಿನ್ನದ ಬಳೆ, ಮೂಗಿನಲ್ಲಿ ಸಣ್ಣ ಹರಳು. ಸೈಕಲ್ಲಿನ ಬಿಗಿ ಚಡ್ಡಿಯ ಮೇಲೆ ಒಂದು ಟವೆಲ್ ಸುತ್ತಿಕೊಂಡು ನಾಚುತ್ತ ಬಾಗಿಲಲ್ಲಿ ನಿಂತಿದ್ದರು. ನಾನು ಬಾಯ್ತಪ್ಪಿ "ಬನ್ನಿ, ಒಳಗ್ ಬನ್ನಿ" ಎಂದುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ಗೈಡ್ ನಕ್ಕ.

"ಅವ್ರಿಗೆ ಕನ್ನಡ ಬರಲ್ಲ ಕಣವ್ವ. ಟ್ರಿನಿಡಾಡ್ ಅಂತ, ಕೆರಿಬಿಯನ್ ಸಮುದ್ರದಲ್ಲಿ ಒಂದ್ ದ್ವೀಪ, ಅಲ್ಲಿಯವ್ರು. ಇವ್ರ ಮುತ್ತಾತನ್ನ ಕಬ್ಬು ಕಡಿಯಕ್ಕೆ ಅಂತ ಮದ್ರಾಸಿಂದ ಹಡಗಲ್ಲಿ ಹಾಕ್ಕಂಡು ಹೋಗಿದ್ರಂತೆ. ಅವ್ರ ಹತ್ರ ಇರೋ ಹಳೇ ಕಾಗದದಲ್ಲಿ ಮೈಸೂರು ಅಂತ ಐತೆ. ಊರಿನ ಹೆಸ್ರು ಮಾತ್ರ ಯಾರ್ಗೂ ಓದಕ್ಕಾಗ್ತಿಲ್ಲ."

ಆಕೆಯ ಗಂಡ ತೆಳ್ಳಗೆ ಎತ್ತರವಾಗಿದ್ದರು. ನರೆತ ಮೀಸೆ. ಹಿಂದಿನ ದಿನ ಕೆ.ಆರ್. ನಗರದಲ್ಲಿ ಕಬ್ಬಿನ ಗದ್ದೆ ಕಂಡಲ್ಲೆಲ್ಲ ಇಳಿದು ನಿಂತು ಎಲ್ಲರನ್ನೂ ತಡ ಮಾಡಿಸಿದರಂತೆ. ನಮ್ಮ ಹೊಲದಲ್ಲಿ ಅಂದು ಸೊಪ್ಪು ಮುರಿಯುತ್ತಿದ್ದರು. ಅವರು ತಾನೂ ಮುರಿಯಬೇಕು ಎಂದರು. ತನ್ನ ಹಿಂದಿನವರು ಕೂಲಿ ಮಾಡಿದವರು, ತಾನೂ ಒಂದು ಸಾಲು ಮಾಡುತ್ತೇನೆ ಎಂದರಂತೆ.

ರಾತ್ರಿ ಹನಿದಿತ್ತು. ಹತ್ತು ಗಂಟೆಯಾದರೂ ಎಲೆ ಒದ್ದೆಯಾಗಿಯೇ ಇತ್ತು. ಒದ್ದೆ ಎಲೆಯ ನೀರು ಮೈಗೆ ಇಳಿದರೆ ಏನಾಗುತ್ತದೆ ಎಂಬುದು ಹೊಗೆಸೊಪ್ಪು ಬೆಳೆಯುವ ನಮಗೆಲ್ಲ ಗೊತ್ತು. ತಲೆ ಸುತ್ತುತ್ತದೆ, ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ, ಮೈಯೆಲ್ಲ ಬೆವರಿ ತಣ್ಣಗಾಗುತ್ತದೆ. ಅದಕ್ಕೆ ಸೊಪ್ಪು ಹತ್ತುವುದು ಎನ್ನುತ್ತೇವೆ. ನಿಮ್ಮ ತಾತನಿಗೆ ಪ್ರತಿ ವರ್ಷ ಮೊದಲ ಮುರಿತದಲ್ಲಿ ಹತ್ತುತ್ತಿತ್ತು. ನೆರಳಲ್ಲಿ ಮಲಗಿಸಿ, ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಕೊಟ್ಟರೆ ಸಂಜೆಯ ಹೊತ್ತಿಗೆ ಎದ್ದು ಕೂರುತ್ತಿದ್ದರು. ಕೂಲಿ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುವುದು ಅದಕ್ಕೇ. ಈ ಮನುಷ್ಯನ ಮೈಮೇಲೆ ಇದ್ದದ್ದು ಅರ್ಧ ತೋಳಿನ ತೆಳು ಬನಿಯನ್.

ನಾನು ಗೈಡನ್ನು ಕರೆದು, "ಎಲೆ ಒದ್ದೆ ಐತೆ ಕಣಪ್ಪ, ಸೊಪ್ಪು ಹತ್ತುತ್ತೆ ಅಂತ ಹೇಳು ಅವ್ರಿಗೆ" ಎಂದೆ. ನಿಮ್ಮ ತಾತನ ಹಳೆಯ ಅಂಗಿ ತಂದುಕೊಟ್ಟೆ. ಅವರು ಹಾಕಿಕೊಂಡು, ಫೋಟೋ ತೆಗೆಸಿಕೊಂಡು, ಐದು ನಿಮಿಷಕ್ಕೆ ಸೆಕೆ ಎಂದು ತೆಗೆದು ಹೆಗಲಿಗೆ ಹಾಕಿಕೊಂಡರು. ಕೂಲಿಯವರು ಮಾಡುವ ಹಾಗೆಯೇ ಮುರಿದ ಎಲೆಯನ್ನು ಕಂಕುಳಲ್ಲಿ ಒಟ್ಟಿಕೊಳ್ಳುತ್ತ ಸಾಲು ಹಿಡಿದು ನಡೆದರು.

"ಏನಕ್ಕ, ನಿಮ್ ನೆಂಟ್ರು ನಮ್ ಕೂಲಿಗೆ ಕಲ್ಲಾಕಕ್ಕೆ ಬಂದವ್ರಾ?" ಎಂದು ಒಬ್ಬಳು ಕೂಗಿದಳು.

"ಸುಮ್ಕಿರೇ, ದುಡ್ಡು ಕೊಟ್ಟು ಕೂಲಿ ಮಾಡೋರ್ನ ಇವತ್ತೇ ನೋಡ್ತಿರದು ನಾನು" ಎಂದು ಇನ್ನೊಬ್ಬಳು.

ಗೈಡ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆ ಮನುಷ್ಯ ಸೊಪ್ಪಿನ ನಡುವೆ ನಿಂತು ತುಂಬಾ ಹೊತ್ತು ನಕ್ಕರು. ಒಂದಲ್ಲ, ಮೂರು ಸಾಲು ಮುಗಿಸಿದರು.

ಹನ್ನೆರಡಕ್ಕೆ ಊಟಕ್ಕೆ ಕುಳಿತರು. ಮುದ್ದೆ, ಹುರುಳಿಕಾಳಿನ ಸಾರು. ಅಗಿಯದೆ ನುಂಗಬೇಕು ಎಂದು ನಿಮ್ಮಮ್ಮ ತೋರಿಸಿಕೊಟ್ಟಳು. ನಾಲ್ಕೈದು ತುತ್ತು ಆಗಿರಬೇಕು, ಅವರು ಕೈ ನಿಲ್ಲಿಸಿ ಎದೆಯ ನಡುವೆ ಮುಷ್ಟಿ ಒತ್ತಿಕೊಂಡು ಏನೋ ಹೇಳಿದರು.

"ಮುದ್ದೆ ಇಲ್ಲೇ ನಿಂತಂಗೆ ಆಗ್ತೈತಂತೆ" ಎಂದ ಗೈಡ್. ಎಲ್ಲರೂ ನಕ್ಕರು. ಹೊಸದಾಗಿ ಮುದ್ದೆ ತಿನ್ನುವವರೆಲ್ಲ ಹೇಳುವ ಮಾತು ಅದು. ನಿಮ್ಮಮ್ಮ ನೀರು ಕೊಟ್ಟಳು. ಕುಡಿಯುತ್ತಿದ್ದ ಹಾಗೆ ಅವರ ಹಣೆಯ ಮೇಲೆ ಬೆವರು ಮೂಡಿತು. ಎದ್ದು ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡರು. ಬಚ್ಚಲ ಗೋಡೆ ಹಿಡಿದು ಅಲ್ಲೇ ಕುಸಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಅದನ್ನು ನಾನು ನೋಡಿದೆ.

ಅವರ ಹೆಂಡತಿ ಓಡಿ ಬಂದು ಗೈಡನ್ನು ಏನೋ ಕೇಳಿದರು. "ಹಾಸ್ಪಿಟಲ್" ಎಂಬ ಮಾತು ನನಗೂ ತಿಳಿಯಿತು. ಗೈಡ್ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಅವ್ವ, ಏನಿದು? ಸೊಪ್ಪಿಂದೇನಾ?"

"ಇನ್ನೇನ್ ಮತ್ತೆ? ಬೆಳಿಗ್ಗೇನೆ ಹೇಳ್ನಿಲ್ವ ನಾನು. ಸೊಪ್ಪು ಹತ್ತೈತೆ. ನೆರಳಲ್ಲಿ ಮಲಗ್ಸು, ಹೊತ್ತು ಮುಳುಗಕ್ಕೆ ಮುಂಚೆ ಎದ್ದು ಕೂರ್ತಾರೆ."

ಇಷ್ಟು ಜನರ ಮುಂದೆ, ಇಷ್ಟು ಗಟ್ಟಿಯಾಗಿ, ಇಷ್ಟು ಖಂಡಿತವಾಗಿ ನಾನು ಅದಕ್ಕೆ ಮೊದಲು ಯಾವತ್ತೂ ಮಾತಾಡಿರಲಿಲ್ಲ. ಗೈಡ್ ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ. ಆ ಬಿಳಿಯರೆಲ್ಲ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಈಯಮ್ಮ ಬೆಳಿಗ್ಗೆಯೇ ಎಚ್ಚರಿಸಿದ್ದರಲ್ಲವೇ ಎಂದು ಅವರು ಮಾತಾಡಿಕೊಂಡದ್ದನ್ನು ಗೈಡ್ ನನಗೆ ತಿಳಿಸಿದ. ಮಕ್ಕಳೇ, ನಿಜ ಹೇಳುತ್ತೇನೆ, ಆಗ ನನಗೆ ಸಂತೋಷವಾಯಿತು. ಒಬ್ಬ ಮನುಷ್ಯ ಕಣ್ಣ ಮುಂದೆ ನರಳುತ್ತಿದ್ದರೂ, ನಾನು ಹೇಳಿದ ಹಾಗೇ ಆಯಿತಲ್ಲ ಎಂದು ಒಳಗೆ ಹಿಗ್ಗಿದೆ.

ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸಿದೆವು. ಮಜ್ಜಿಗೆ ಕುಡಿಸಿದ್ದು ನಿಜ. ನನ್ನ ಕೈಯಿಂದಲೇ ಕುಡಿಸಿದೆ. ಅರ್ಧ ಲೋಟ ಕುಡಿದು ಕಣ್ಣು ಮುಚ್ಚಿದರು. ನಿಮ್ಮಮ್ಮ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದು ನೋಡುತ್ತಿದ್ದಳು.

"ಅತ್ತೆ, ಬೆರಳೆಲ್ಲ ಮಂಜಿನಂಗೆ ಅವೆ."

"ಹತ್ತುದ್ರೆ ಹಂಗೇ ಆಗದು. ನಿಮ್ ಮಾವನ್ನ ನೋಡಿಲ್ವ ನೀನು?"

"ಮಾವಂಗೆ ಎಡಗೈ ನೋಯ್ತಿತ್ತಾ? ಇವ್ರು ಅವಾಗಿಂದ ಎಡಭುಜ ಒತ್ಕೊತಾವ್ರೆ. ಗಂಗಣ್ಣನ ಆಟೋ..."

ಅಲ್ಲ, ಹೆಸರು ಬರೆಯುವುದು ಬೇಡ. ಅವನದೇನೂ ಇದರಲ್ಲಿ ಇಲ್ಲ. ಪಕ್ಕದ ಮನೆಯವನ ಗೂಡ್ಸ್ ಆಟೋ ಡೈರಿಯ ಮುಂದೆ ನಿಂತಿತ್ತು. ನಿಮ್ಮಮ್ಮ ಅದನ್ನು ಕರೆಸೋಣ, ಹುಣಸೂರಿಗೆ ಇಪ್ಪತ್ತೈದು ನಿಮಿಷ ಎಂದಳು. ನಾನು ಅವಳ ಮಾತನ್ನು ಅರ್ಧಕ್ಕೇ ತಡೆದೆ.

"ಬೆಳಿಗ್ಗೆಯಿಂದ ಹ್ಯಾಂಡ್ಲು ಹಿಡ್ಕಂಡು ತುಳಿದು, ಆಮೇಲೆ ಮೂರು ಸಾಲು ಸೊಪ್ಪು ಮುರಿದವ್ರೆ. ಭುಜ ನೋಯ್ದೆ ಇದ್ದಾತಾ? ಸುಮ್ನೆ ಗಾಬ್ರಿ ಮಾಡ್ಬೇಡ ಆಯಮ್ಮನ್ನ. ಸೊಪ್ಪು ಹತ್ತಿದ್ದಕ್ಕೆ ಯಾರಾದ್ರೂ ಆಸ್ಪತ್ರೆಗೆ ಹೋಗದುಂಟಾ?"

ಅವಳು ಮತ್ತೆ ಅವರ ಬೆರಳು ಉಜ್ಜತೊಡಗಿದಳು. ನಾನು ಅವಳ ಮಾತು ತಡೆದದ್ದು ಕೂಡ ಅಪರೂಪವೇ. ಗೈಡ್ ವ್ಯಾನಿಗೆ ಫೋನು ಮಾಡಿದ. ಒಬ್ಬರಿಗೆ ಹುಷಾರಿಲ್ಲ, ನಾಲ್ಕಕ್ಕಿಂತ ಸ್ವಲ್ಪ ಮುಂಚೆ ಬಾ, ಅವಸರವೇನಿಲ್ಲ ಎಂದ. ಅವನನ್ನು ಬೈಯುವುದಕ್ಕೆ ನನಗೆ ಬಾಯಿಲ್ಲ. ಅವನೂ ಸೊಪ್ಪಿನ ಹೊಲದಲ್ಲೇ ಬೆಳೆದವನು. ಬೇರೆ ಊರಿನವನು ಯಾರಾದರೂ ಆಗಿದ್ದರೆ ನನ್ನನ್ನು ಕೇಳುತ್ತಲೇ ಇರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಅವರು ಕಣ್ಣು ಬಿಟ್ಟು ಸ್ವಲ್ಪ ಪರವಾಗಿಲ್ಲ ಎಂದರು. ಮೀಸೆಯ ಕೆಳಗೆ ನಗು ಕೂಡ ಬಂತು. ಕೆಲಸ ಬಿಟ್ಟು ಮಲಗಿದ್ದಕ್ಕೆ ಅರ್ಧ ದಿನದ ಕೂಲಿ ಹಿಡಿಯುತ್ತೀರಾ ಎಂದು ಕೇಳಿದರಂತೆ. ನಾವೆಲ್ಲ ನಕ್ಕೆವು. ಅವರು ಮತ್ತೆ ಕಣ್ಣು ಮುಚ್ಚಿದರು. ಉಳಿದ ನಾಲ್ವರು ಗೈಡಿನ ಜೊತೆ ಬ್ಯಾರನ್ನು ನೋಡಲು ಹೋದರು.

ಜಗಲಿಯಲ್ಲಿ ಆಕೆ ಮತ್ತು ನಾನು ಉಳಿದೆವು. ಆಕೆಗೆ ಕೈ ಆಡಿಸಲು ಏನಾದರೂ ಬೇಕಾಗಿತ್ತು ಎಂದು ಕಾಣುತ್ತದೆ. ಮೊಬೈಲು ತೆಗೆದು ನನ್ನ ಪಕ್ಕ ಬಂದು ಕುಳಿತು ಫೋಟೋ ತೋರಿಸಲು ಶುರು ಮಾಡಿದರು. ಅವರ ಕಡೆಯ ಇನ್ನೊಂದು ದ್ವೀಪದಲ್ಲಿ ಇಬ್ಬರೂ ಹೀಗೇ ಸೈಕಲ್ ಪ್ರವಾಸ ಹೋಗಿದ್ದರಂತೆ, ಗೈಡ್ ಆಮೇಲೆ ಹೇಳಿದ. ಅಲ್ಲೂ ಒಬ್ಬ ಗೈಡ್. ಕರಿಯ ಮನುಷ್ಯ, ತಲೆಗೆ ಹಳದಿ ಬಟ್ಟೆ ಕಟ್ಟಿದ್ದ. ಸಮುದ್ರದ ಅಂಚಿನಲ್ಲೇ ರಸ್ತೆ, ಒಂದು ಕಡೆ ನೀರು, ಇನ್ನೊಂದು ಕಡೆ ತೆಂಗು. ಆ ನೀರಿನ ಬಣ್ಣ ನಮ್ಮ ಕಡೆಯ ಯಾವ ನೀರಿಗೂ ಇಲ್ಲ. ಒಂದು ಫೋಟೋದಲ್ಲಿ ಕಡಿದಾದ ದಿಣ್ಣೆ, ಎಲ್ಲರೂ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಾರೆ, ಇವರೊಬ್ಬರು ಮಾತ್ರ ಎದ್ದು ನಿಂತು ತುಳಿಯುತ್ತಿದ್ದಾರೆ. ಆಕೆ ಅದರ ಮೇಲೆ ಬೆರಳಿಟ್ಟು ತೋರಿಸಿ, ಗಂಡನ ಕಡೆ ನೋಡಿ, ಹುಚ್ಚ ಎನ್ನುವ ಹಾಗೆ ಹಣೆಯ ಪಕ್ಕ ಬೆರಳು ತಿರುಗಿಸಿದರು. ಮುಂದಿನದರಲ್ಲಿ ಎಳನೀರು ಕುಡಿಯುತ್ತಿದ್ದಾರೆ. ಅದರ ಮುಂದಿನದರಲ್ಲಿ ಒಂದು ಪಾಳು ಬಿದ್ದ ಕಲ್ಲಿನ ಗೋಪುರ. ಗಾಣ ತಿರುಗಿಸುವ ಹಾಗೆ ಕೈ ಆಡಿಸಿ ತೋರಿಸಿದ ಮೇಲೆ, ಹಿಂದೆ ಅಲ್ಲಿ ಕಬ್ಬು ಅರೆಯುತ್ತಿದ್ದರು ಎಂದು ತಿಳಿದುಕೊಂಡೆ. ಅದರ ನೆರಳಲ್ಲಿ ಎಲ್ಲರೂ ಸೈಕಲ್ ಮಲಗಿಸಿ ಊಟ ಮಾಡುತ್ತಿದ್ದಾರೆ.

ನಾನು ಅಷ್ಟು ದೂರದ ಊರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದೊಂದನ್ನೂ ಎರಡೆರಡು ಸಲ ನೋಡಿದೆ. ಮಾತು ಬಾರದವರ ಜೊತೆ ನಾಚಿಕೆಯಿಲ್ಲದೆ ಕೂರಬಹುದು ಎಂದು ಆಗ ಗೊತ್ತಾಯಿತು. ನಡುನಡುವೆ ಆಕೆ ಗಂಡನ ಹಣೆ ಮುಟ್ಟಿ ನನ್ನ ಮುಖ ನೋಡುತ್ತಿದ್ದರು. ನಾನು ಪ್ರತಿ ಸಲವೂ ಅಂಗೈ ಆಡಿಸಿ, ಏನೂ ಆಗಲ್ಲ ಎಂದು ಸನ್ನೆ ಮಾಡುತ್ತಿದ್ದೆ. ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಆಕೆಯ ಗಂಡ ನಮ್ಮಿಂದ ಒಂದು ಮಾರು ದೂರದಲ್ಲಿ ಮಲಗಿದ್ದರು, ನಾವು ಸಮುದ್ರ ನೋಡುತ್ತಿದ್ದೆವು.

ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಅವರು ತಟ್ಟನೆ ಎದ್ದು ಕುಳಿತರು. ಯಾರೋ ಕರೆದ ಹಾಗೆ ಬೀದಿಯ ಕಡೆ ನೋಡಿದರು. ನಿಲ್ಲಲು ಹೋಗಿ ಕಂಬ ಹಿಡಿದರು, ಆಗಲಿಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ಸೊಪ್ಪು ಹತ್ತಿದವರದಲ್ಲ. ನಿಮ್ಮ ತಾತನ ಮುಖದಲ್ಲಿ ಅಷ್ಟು ವರ್ಷಗಳಲ್ಲಿ ಒಂದು ಸಲವೂ ನಾನು ಅದನ್ನು ಕಂಡಿರಲಿಲ್ಲ. ಆ ಕ್ಷಣದಲ್ಲಿ ನನಗೆ ತಿಳಿಯಿತು. ಒಳಗಿನಿಂದ ಬಂದ ನಿಮ್ಮಮ್ಮ ನನ್ನನ್ನು ಕೇಳಲಿಲ್ಲ, ಬರಿಗಾಲಲ್ಲಿ ಡೈರಿಯ ಕಡೆ ಓಡಿದಳು.

ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಕಿ ಮಲಗಿಸಿದೆವು. ಆಕೆ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಕಾಲ ಹತ್ತಿರ ಕುಳಿತೆ, ಬ್ಯಾರನ್ ಕಡೆಯಿಂದ ಓಡಿ ಬಂದ ಗೈಡ್ ಅಂಚಿನಲ್ಲಿ ಜೋತುಬಿದ್ದು ನಿಂತ. ಕಟ್ಟೆಮಳಲವಾಡಿ ದಾಟುವಾಗ ಉಸಿರಿತ್ತು. ಆಮೇಲೆ ರಸ್ತೆಯ ಹೊಂಡದಲ್ಲಿ ಆಟೋ ಎಗರಿದಾಗ ಅವರ ಕೈ ಹೊರಗೆ ಜಾರಿತು, ಆಕೆ ಅದನ್ನು ಎತ್ತಿ ಎದೆಯ ಮೇಲೆ ಇಟ್ಟರು, ಅದು ಮತ್ತೆ ಜಾರಿತು. ನಾನು ಪಾದಗಳನ್ನು ಉಜ್ಜುತ್ತಲೇ ಇದ್ದೆ. ಸಾಕ್ಸ್ ಇನ್ನೂ ಹೊಲದ ಕೆಂಪು ಮಣ್ಣಿನಲ್ಲಿ ಒದ್ದೆಯಾಗಿತ್ತು.

ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ಒಳಗೆ ಎತ್ತಿಕೊಂಡು ಹೋದರು. ಎದೆ ಒತ್ತಿದರು, ಸೂಜಿ ಚುಚ್ಚಿದರು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಹೊರಗೆ ಬಂದು ಗೈಡಿಗೆ ಕನ್ನಡದಲ್ಲಿ, ಹೃದಯಾಘಾತ, ಇಲ್ಲಿಗೆ ಬರುವಾಗಲೇ ಹೋಗಿದ್ದರು ಎಂದರು. ಕೈಯಲ್ಲಿ ಪೆನ್ನು ಹಿಡಿದು ಕೇಳಿದರು.

"ಎಷ್ಟೊತ್ತಿಗೆ ಶುರುವಾಯ್ತು ಇವ್ರಿಗೆ?"

ಗೈಡ್ ಒಂದು ಸಲ ನನ್ನ ಕಡೆ ನೋಡಿದ. "ಈಗಷ್ಟೆ ಮೇಡಂ. ಅರ್ಧ ಗಂಟೆ ಆಯ್ತು. ಬಿದ್ದ ತಕ್ಷಣ ಎತ್ಕಂಡು ಬಂದ್ವಿ."

ಅವರು ಬರೆದುಕೊಂಡರು. ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ಹನ್ನೆರಡೂವರೆ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಧ್ಯಾಹ್ನ ಅಷ್ಟು ಸಲೀಸಾಗಿ ಓಡಿದ ನಾಲಿಗೆ ಅಲ್ಲಿ ಏಳಲಿಲ್ಲ. ಮೇಷ್ಟರ ಮುಂದೆ ನಿಲ್ಲುತ್ತಿದ್ದ ಹಾಗೆ ನಿಂತಿದ್ದೆ.

ಆಕೆ ಅಳಲಿಲ್ಲ. ಗಂಡನ ಪಕ್ಕದಲ್ಲಿ ಕುಳಿತು ಅವರ ಅಂಗೈ ಬಿಡಿಸಿ ನೋಡಿದರು. ಎರಡೂ ಕೈ ಸೊಪ್ಪಿನ ಅಂಟಿನಿಂದ ಕಪ್ಪಗಾಗಿದ್ದವು. ಆಸ್ಪತ್ರೆಯ ಸೋಪು ಕೇಳಿ ಪಡೆದು, ಒದ್ದೆ ಬಟ್ಟೆಯಲ್ಲಿ ಉಜ್ಜಿದರು. ಆ ಅಂಟು ಸೋಪಿಗೆ ಹೋಗುವುದಲ್ಲ. ಉಜ್ಜಿದಷ್ಟೂ ಹರಡುತ್ತದೆ. ನಾನು ಹೊರಗೆ ಹೋಗಿ ಎದುರಿನ ಅಂಗಡಿಯಲ್ಲಿ ಹುಣಸೆಹಣ್ಣು ತಂದೆ. ನೀರಿನಲ್ಲಿ ನೆನೆಸಿ, ಬೆರಳ ಸಂದಿಯಲ್ಲಿ ಹೇಗೆ ತಿಕ್ಕಬೇಕೆಂದು ತೋರಿಸಿದೆ. ಆಕೆ ಬಲಗೈ ಹಿಡಿದುಕೊಂಡರು, ನಾನು ಎಡಗೈ. ಗಂಡ ಸತ್ತ ಇಬ್ಬರು ಹೆಂಗಸರು ಹಾಗೆ ಕುಳಿತು ಒಬ್ಬರ ಕೈ ತೊಳೆಯುತ್ತಿದ್ದೆವು. ಆಕೆಗೆ ಅದು ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ. ನನಗೆ ಗೊತ್ತಿತ್ತು, ಅದು ಮಾರನೇ ದಿನ ಬೆಳಿಗ್ಗೆ ಎದ್ದಾಗ ಗೊತ್ತಾಗುವುದು.

ತೊಳೆಯುತ್ತಲೇ ಆಕೆ ಗೈಡಿಗೆ ಏನೋ ಹೇಳಿದರು.

"ಅವ್ವ, ನೀವು ಹೆತ್ತತಾಯಂಗೆ ನೋಡ್ಕಂಡ್ರಿ ಅಂತಾವ್ರೆ. ಅವ್ರು ಕಷ್ಟ ಪಟ್ರಾ, ಬೇಗ ಕರ್ಕೊಂಡು ಬಂದಿದ್ರೆ ಉಳೀತಿದ್ರಾ, ನಿಮ್ಗೆ ಏನನ್ಸುತ್ತೆ ಅಂತ ಕೇಳ್ತಾವ್ರೆ."

ಆಗ ನನಗೆ ಬಾಯಿ ಬಂತು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. "ಹೇಳಪ್ಪ ಆಯಮ್ಮಂಗೆ. ಇದು ಸೊಪ್ಪಿಂದು ಅಂತ ಹೇಳಿದ್ದು ನಾನು. ನನ್ ಸೊಸೆ ಆಸ್ಪತ್ರೆಗೆ ಅಂದ್ಲು, ಬ್ಯಾಡ ಅಂದೋಳೂ ನಾನೇ. ಆಟೋ ಬೀದೀಲೇ ನಿಂತಿತ್ತು. ಎರಡೂವರೆ ಗಂಟೆ ಸುಮ್ನೆ ಮಲಗ್ಸಿದ್ವಿ. ತಪ್ಪು ನಂದು ಅಂತ ಹೇಳು."

ಗೈಡ್ ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಹೇಳಿದ. ಚಿಕ್ಕ ಮಾತು. ನಾನು ಅಷ್ಟೆಲ್ಲ ಹೇಳಿದ್ದೆ, ಅವನದು ಒಂದು ಉಸಿರಿನಲ್ಲಿ ಮುಗಿಯಿತು. ಆಕೆ ತಲೆಯಾಡಿಸಿ, ಹುಣಸೆಯ ಕೈಯಲ್ಲೇ ನನ್ನ ಕೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡರು. ತಪ್ಪು ಮಾಡಿದವಳ ಕೈಯನ್ನು ಯಾರೂ ಹಾಗೆ ಹಿಡಿಯುವುದಿಲ್ಲ.

ಪೊಲೀಸಿನವರು ಬಂದು ಬರೆದುಕೊಂಡು ಹೋದರು. ಸಂಜೆಗೆ ದೇಹ ಮೈಸೂರಿಗೆ ಹೋಯಿತು, ಅಲ್ಲಿಂದ ಅವರ ದೇಶಕ್ಕೆ. ಗೈಡ್ ಒಂದು ತಿಂಗಳ ಮೇಲೆ ಬಂದಾಗ, ಅವತ್ತು ನೀನು ಏನು ಹೇಳಿದೆ ಎಂದು ನಾನೇ ಕೇಳಿದೆ. "ಹೋದೋರು ಹೋದ್ರು ಬುಡವ್ವ" ಎಂದ. ಆಮೇಲೆ ಅವನು ದಾರಿ ಬದಲಾಯಿಸಿದ, ಈಗ ಸೈಕಲ್ಲಿನವರು ನಮ್ಮೂರಿಗೆ ಬರುವುದಿಲ್ಲ.

ನನ್ನ ಬಿ.ಪಿ. ನೋಡುವ ಡಾಕ್ಟರನ್ನು ಒಮ್ಮೆ ಕೇಳಿದೆ, ಎದೆನೋವು ಬಂದವರನ್ನು ಕೂಡಲೇ ಕರೆದುಕೊಂಡು ಹೋದರೆ ಉಳಿಯುತ್ತಾರಾ ಎಂದು. ಎಷ್ಟೋ ಜನ ಉಳಿಯುತ್ತಾರೆ, ಎಷ್ಟೋ ಜನ ಇಲ್ಲ, ಹೊತ್ತು ಕಳೆದಷ್ಟೂ ಕಷ್ಟ ಎಂದರು. ಅದಕ್ಕಿಂತ ಹೆಚ್ಚು ಯಾರೂ ಹೇಳಲಾರರು. ಅವರು ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಬದುಕಲು ಇದ್ದ ಹೊತ್ತನ್ನು ನಾನು ಜಗಲಿಯ ಮೇಲೆ ಕಳೆದೆ, ಅಷ್ಟೇ.

ಪ್ರತಿ ವರ್ಷ ಆ ದಿನ ಬಂದಾಗ ಆಕೆ ನಿಮ್ಮಪ್ಪನ ಮೊಬೈಲಿಗೆ ಗಂಡನ ಫೋಟೋ ಕಳಿಸುತ್ತಾರೆ. ಮುಂದೆ ಒಂದು ದೀಪ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ನನ್ನ ಗಂಡನ ಕೊನೆಯ ಹೊತ್ತಿನಲ್ಲಿ ಜೊತೆಗಿದ್ದ ಅಮ್ಮನಿಗೆ ವಂದನೆ ಎಂದು ನಿಮ್ಮಪ್ಪ ಓದಿ ಹೇಳುತ್ತಾನೆ. ನಾಲ್ಕು ಸಲ ಬಂದಿದೆ. ನಾಲ್ಕು ಸಲವೂ ನಾನು ಎದ್ದು ಕೊಟ್ಟಿಗೆಗೆ ಹೋಗಿದ್ದೇನೆ.

ಈಗ ತಿಳಿಸಿ ಏನು ಪ್ರಯೋಜನ, ಆರಿದ ಸಂಕಟವನ್ನು ಮತ್ತೆ ಯಾಕೆ ಕೆದಕಬೇಕು ಎಂದು ನಿಮ್ಮಮ್ಮ ಕೇಳುತ್ತಾಳೆ. ಅವಳ ಮಾತಿನಲ್ಲಿ ಅರ್ಥವಿದೆ. ಆದರೆ ನಿಮ್ಮ ತಾತ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಕೊನೆಯಲ್ಲಿ ನಿನ್ನ ಹೆಸರು ಹಿಡಿದು ಕರೆದರು ಎಂದು ನನಗೆ ಹೇಳಿದ್ದರು. ಅದನ್ನೇ ನೆನೆದುಕೊಂಡು ಮೂರು ವರ್ಷ ಇದ್ದೆ. ಆಮೇಲೆ ಗೊತ್ತಾಯಿತು, ಎರಡು ದಿನದಿಂದ ಅವರಿಗೆ ಪ್ರಜ್ಞೆಯೇ ಇರಲಿಲ್ಲ. ಹೇಳಿದವರು ಒಳ್ಳೆಯದಕ್ಕೇ ಹೇಳಿದ್ದರು. ಆದರೂ ಆ ಮೂರು ವರ್ಷ ನಾನು ಬೇರೆ ಯಾರದೋ ಗಂಡನ ಸಾವನ್ನು ನೆನೆಯುತ್ತಿದ್ದೆ ಎಂದು ಅನ್ನಿಸಿತು. ಆಕೆಗೂ ಹಾಗಾಗುವುದು ಬೇಡ. ಆಕೆ ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ, ಅದು ಆಕೆಯ ಹಕ್ಕು.

ನಿಮಗೆ ಇಂಗ್ಲಿಷು ಬರುತ್ತದೆ. ಆಕೆಯ ನಂಬರು ನಿಮ್ಮಪ್ಪನ ಮೊಬೈಲಿನಲ್ಲಿದೆ. ಈ ವರ್ಷದ ದೀಪ ಬರುವ ಮೊದಲು ಇಬ್ಬರೂ ಕುಳಿತು ಇದನ್ನು ಬರೆದು ಕಳಿಸಿ. ಅಜ್ಜಿಗೆ ಗೊತ್ತಾಗಲಿಲ್ಲ, ಅಜ್ಜಿಗೆ ವಯಸ್ಸಾಗಿತ್ತು ಎಂದೆಲ್ಲ ನಡುವೆ ಸೇರಿಸಬೇಡಿ. ಹನ್ನೆರಡೂವರೆಯಿಂದ ಮೂರರವರೆಗೆ ಎಂದು ಬರೆಯಿರಿ. ನಿಮ್ಮಮ್ಮ ಆಸ್ಪತ್ರೆಗೆ ಎಂದಳು, ನಾನು ಬೇಡ ಎಂದೆ, ಅದನ್ನೂ ಬರೆಯಿರಿ.